ಆಕ್ಸಿಡೆಂಟಲ್ಲಿ ಅಂಗ ಊನ ಆದ್ರೆ ಪರಿಹಾರದ ಕೇಸಿಗೆ ಲಾಯರ್ ಹುಡುಕೋದು ಹೇಗೆ

ರಸ್ತೆ ಆಕ್ಸಿಡೆಂಟ್ ಆಗಿ ಕೈಯೋ ಕಾಲೋ ಮೊದಲಿನ ಹಾಗೆ ಕೆಲಸ ಮಾಡ್ತಿಲ್ಲ ಅಂದ್ರೆ ಪರಿಹಾರಕ್ಕೆ ಎಂವಿಸಿ ಕೇಸ್, ಅಂದ್ರೆ ಮೋಟಾರು ವಾಹನ ಅಪಘಾತದ ಪರಿಹಾರದ ಕೇಸ್, ಹಾಕಬೇಕು ಅನ್ನೋದು ಬಹಳ ಜನಕ್ಕೆ ಗೊತ್ತು. ಆದ್ರೆ ಲಾಯರ್ ಹುಡುಕೋ ಕೆಲಸ ಎಷ್ಟೋ ಸಲ ಆಸ್ಪತ್ರೆ ವಾರ್ಡಲ್ಲೇ ಮುಗಿದುಹೋಗುತ್ತೆ. ಪೇಷಂಟ್ ಇನ್ನೂ ಡ್ರಿಪ್ ಹಾಕ್ಕೊಂಡು ಮಲಗಿರ್ತಾರೆ, ಯಾರೋ ಒಬ್ರು ಬಂದು "ಈಗ ಒಂದು ರೂಪಾಯಿನೂ ಬೇಡ, ದುಡ್ಡು ಬಂದ್ಮೇಲೆ ಇಷ್ಟು ಪರ್ಸೆಂಟ್ ಕೊಡಿ ಸಾಕು" ಅಂತ ಹೇಳಿ ಖಾಲಿ ಹಾಳೆಗಳಿಗೆ ಸೈನ್ ಹಾಕಿಸ್ಕೊಂಡು ಹೋಗ್ತಾರೆ, ಮನೆಯವರು ಗಾಬರೀಲಿ ಹೂಂ ಅಂದುಬಿಡ್ತಾರೆ. ದಯವಿಟ್ಟು ಅಲ್ಲಿ ಸೈನ್ ಮಾಡ್ಬೇಡಿ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಏಜೆಂಟ್ ಕಳಿಸಿ ಕೇಸ್ ಹಿಡಿಯೋ ಹಾಗಿಲ್ಲ, ಬರೋ ಪರಿಹಾರದಲ್ಲಿ ಪಾಲು ಕೇಳೋ ಹಾಗೂ ಇಲ್ಲ. ಎರಡನ್ನೂ ಮೊದಲ ದಿನವೇ ಮುರಿಯೋರ ಕೈಗೆ ನಿಮ್ಮ ಜೀವನದ ಕೇಸ್ ಯಾಕೆ ಕೊಡ್ತೀರಾ?

ಹಾಗಂತ ಸುಮ್ನೆ ಕೂರೋ ಹಾಗೂ ಇಲ್ಲ. 2022ರ ಏಪ್ರಿಲ್‌ನಿಂದ ಆಕ್ಸಿಡೆಂಟ್ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನೋ ನಿಯಮ ಬಂದಿದೆ. ಅದನ್ನ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ ನಿಜ, ಆದ್ರೆ ಅದನ್ನ ನಂಬ್ಕೊಂಡು ತಡ ಮಾಡೋದು ಬೇಡ. ಡಿಸ್ಚಾರ್ಜ್ ಆಗಿ ಮನೆಗೆ ಬಂದ್ಮೇಲೆ ನಿಧಾನವಾಗಿ ವಿಚಾರಿಸಿ ಲಾಯರ್ ಇಡೋಕೆ ಆರು ತಿಂಗಳು ಧಾರಾಳ ಸಾಕು.

ಎಲ್ಲಿ ಹುಡುಕೋದು? ಮೊದಲು ಯಾವ ಕೋರ್ಟು ಅಂತ ನೋಡ್ಕೊಳ್ಳಿ. ಕೇಸನ್ನ ಆಕ್ಸಿಡೆಂಟ್ ಆದ ಊರಲ್ಲೇ ಹಾಕಬೇಕು ಅಂತೇನಿಲ್ಲ, ನೀವು ವಾಸ ಇರೋ ಕಡೆನೂ ಹಾಕಬಹುದು. ಇನ್ಶೂರೆನ್ಸ್ ಕಂಪನಿ ಆಫೀಸ್ ಬೆಂಗಳೂರಲ್ಲಿದೆ, ಅಲ್ಲೇ ಹಾಕೋಣ ಅಂತ ಯಾರಾದ್ರೂ ಅಂದ್ರೆ, ಕಾಲಲ್ಲಿ ರಾಡ್ ಇಟ್ಕೊಂಡು ರಾಯಚೂರಿಂದ ಸಾಕ್ಷಿ ಹೇಳೋಕೆ ಓಡಾಡ್ಬೇಕಾದೋರು ನೀವು ಅನ್ನೋದು ನೆನಪಿರಲಿ. ಕೋರ್ಟ್ ಗೊತ್ತಾದ್ಮೇಲೆ ಅಲ್ಲಿ ಎಂವಿಸಿ ಕೇಸ್ ಮುಗಿಸಿಕೊಂಡಿರೋ ಕುಟುಂಬದವರನ್ನ ಹುಡುಕಿ ಕೇಳಿ. ಲಾಯರ್ ಫೋನ್ ಎತ್ತುತ್ತಿದ್ರಾ, ಡೇಟ್ ಹೇಳ್ತಿದ್ರಾ, ದುಡ್ಡು ಕೈಗೆ ಪೂರ್ತಿ ಬಂತಾ ಅಂತ. ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ವಕೀಲರ ಹೆಸರು ಹಾಕಿ ಹುಡುಕಿದ್ರೆ ಅವರ ಕೇಸ್‌ಗಳು ಬರುತ್ತೆ, ಎಂವಿಸಿ ಕೇಸ್ ನಿಜವಾಗ್ಲೂ ನಡೆಸ್ತಾರಾ ಇಲ್ವಾ ಅಂತ ಅಲ್ಲೇ ಗೊತ್ತಾಗುತ್ತೆ.

ಫೀಸ್ ಕೊಡೋ ಶಕ್ತಿ ಇಲ್ಲ ಅಂದ್ರೆ ಪುಕ್ಕಟೆ ಲಾಯರ್ ಸಿಗ್ತಾರೆ, ಇದು ಭಿಕ್ಷೆ ಅಲ್ಲ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೊಟ್ಟಿರೋ ಹಕ್ಕು. ಅಂಗವಿಕಲರು, ಹೆಂಗಸರು, ಎಸ್‌ಸಿ ಎಸ್‌ಟಿ ಜನ, ಇವರಿಗೆ ಆದಾಯದ ಮಿತಿನೇ ಇಲ್ಲ. ಜಿಲ್ಲಾ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಆಫೀಸ್ ಇರುತ್ತೆ, ತಾಲೂಕಲ್ಲಿ ಸಮಿತಿ ಇರುತ್ತೆ, ಬೆಂಗಳೂರಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಪ್ರಾಧಿಕಾರನೇ ಇದೆ. ಎದ್ದು ಹೋಗೋಕೆ ಆಗಲ್ವಾ, 15100ಕ್ಕೆ ಫೋನ್ ಮಾಡಿ. ಅಂಗವಿಕಲತೆ ಸರ್ಟಿಫಿಕೇಟ್ ಅಥವಾ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಇದ್ರೆ ಜೊತೆಗೆ ಇಟ್ಕೊಳ್ಳಿ.

ಈಗ ಮುಖ್ಯವಾದ ವಿಷ್ಯ. ಲಾಯರ್ ಹತ್ರ ಮೊದಲ ಸಲ ಕೂತಾಗ ಅವರು ನಿಮ್ಮನ್ನ ಏನು ಕೇಳ್ತಾರೆ ಅಂತ ಗಮನಿಸಿ. ಎಫ್‌ಐಆರ್ ಎಲ್ಲಿ, ಗಾಡಿ ಇನ್ಶೂರೆನ್ಸ್ ಇದೆಯಾ, ಬಿಲ್ ಎಷ್ಟಾಯ್ತು, ಇದನ್ನ ಎಲ್ರೂ ಕೇಳ್ತಾರೆ. ಒಳ್ಳೆ ಲಾಯರ್ ಕೇಳೋ ಪ್ರಶ್ನೆ ಬೇರೆ: ನೀವು ಏನು ಕೆಲಸ ಮಾಡ್ತಿದ್ರಿ, ಆ ಕೆಲಸದಲ್ಲಿ ಈ ಕೈ ಏನು ಮಾಡ್ತಿತ್ತು, ಈಗ ಏನು ಆಗ್ತಿಲ್ಲ. ಯಾಕಂದ್ರೆ ಪರಿಹಾರ ನಿಂತಿರೋದು ಡಾಕ್ಟ್ರು ಬರೆದ ಪರ್ಸೆಂಟ್ ಮೇಲೆ ಮಾತ್ರ ಅಲ್ಲ. ರಾಜ್ ಕುಮಾರ್ ವರ್ಸಸ್ ಅಜಯ್ ಕುಮಾರ್ ಅನ್ನೋ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಡಿಸಿ ಹೇಳಿದೆ. ಎಡಗೈ ಹೋದ್ರೆ ದೇಹದ ಊನ ಅರವತ್ತು ಪರ್ಸೆಂಟ್ ಇರಬಹುದು, ಆದ್ರೆ ಆತ ಡ್ರೈವರೋ ಬಡಗಿಯೋ ಆಗಿದ್ರೆ ದುಡಿಮೆ ಹೆಚ್ಚುಕಮ್ಮಿ ಪೂರ್ತಿನೇ ಹೋದ ಹಾಗೆ, ಅದೇ ಸರ್ಕಾರಿ ಗುಮಾಸ್ತ ಆಗಿದ್ರೆ ನೌಕರಿ ಉಳೀಬಹುದು ಅಂತ.

ಲೆಕ್ಕ ಹಾಕಿ ನೋಡಿ. 34 ವರ್ಷದ ಗಾರೆ ಕೆಲಸದವರು, ತಿಂಗಳಿಗೆ 15,000 ಅಂತ ಕೋರ್ಟ್ ಒಪ್ತು ಅಂದ್ಕೊಳ್ಳಿ. ವರ್ಷಕ್ಕೆ 1,80,000, ಆ ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನ ಗುಣಿಸೋಕೆ ವಯಸ್ಸಿನ ಪ್ರಕಾರ ಇರೋ ಸಂಖ್ಯೆ) 16, ಒಟ್ಟು 28,80,000. ದುಡಿಮೆ ನಷ್ಟ 15 ಪರ್ಸೆಂಟ್ ಅಂದ್ರೆ 4,32,000, ಅದೇ 40 ಪರ್ಸೆಂಟ್ ಅಂತ ಸಾಬೀತಾದ್ರೆ 11,52,000. ಭವಿಷ್ಯದ ಆದಾಯ, ಆಸ್ಪತ್ರೆ ಖರ್ಚು, ನೋವಿನ ಬಾಬ್ತು ಎಲ್ಲ ಇದರ ಮೇಲೆ ಬೇರೆ. ಸಾರ್ವೆ ಹತ್ತೋಕೆ ಆಗಲ್ಲ, ಮೊಣಕಾಲು ಮಡಚೋಕೆ ಆಗಲ್ಲ ಅನ್ನೋದನ್ನ ಸಾಕ್ಷಿಯಲ್ಲಿ ಸರಿಯಾಗಿ ತರೋ ಲಾಯರಿಗೂ, ಸರ್ಟಿಫಿಕೇಟ್ ಇಟ್ಟು ಕೈ ತೊಳ್ಕೊಳ್ಳೋ ಲಾಯರಿಗೂ ಇರೋ ವ್ಯತ್ಯಾಸ ಅದು.

ಅದಕ್ಕೇ ನೀವೂ ಕೇಳಿ: ಡಾಕ್ಟ್ರ ಸಾಕ್ಷಿ ಯಾರಿಂದ ಹೇಳಿಸ್ತೀರಾ? ಆಪರೇಷನ್ ಮಾಡಿದ ಡಾಕ್ಟ್ರೇ ಬಂದ್ರೆ ಬಹಳ ಒಳ್ಳೇದು. ಟ್ರೀಟ್ಮೆಂಟೇ ಕೊಡದೆ ಜಾಸ್ತಿ ಪರ್ಸೆಂಟ್ ಬರೆದುಕೊಡೋರ ಬಗ್ಗೆ ಅದೇ ತೀರ್ಪಲ್ಲಿ ಕೋರ್ಟುಗಳಿಗೆ ಎಚ್ಚರಿಕೆ ಇದೆ, ಅಂಥ ಸರ್ಟಿಫಿಕೇಟ್ ನಿಮ್ಮ ಕೇಸನ್ನೇ ಕೆಡಿಸುತ್ತೆ.

ಫೀಸ್ ಒಟ್ಟು ಎಷ್ಟು, ಯಾವಾಗ ಎಷ್ಟು ಕೊಡ್ಬೇಕು, ಡಾಕ್ಟ್ರ ಖರ್ಚು ಯಾರದ್ದು, ಎಲ್ಲ ಬರವಣಿಗೆಯಲ್ಲಿ ತಗೊಳ್ಳಿ, ಕೊಟ್ಟ ದುಡ್ಡಿಗೆ ರಸೀದಿ ಕೇಳಿ, ನಾಚ್ಕೋಬೇಡಿ. ವಕಾಲತ್ತಿಗೆ (ನಿಮ್ಮ ಪರ ಕೇಸ್ ನಡೆಸೋಕೆ ಲಾಯರಿಗೆ ಅಧಿಕಾರ ಕೊಡೋ ಪತ್ರ) ಓದಿಸಿ ಕೇಳಿ ಸೈನ್ ಮಾಡಿ, ಓದೋಕೆ ಬರದಿದ್ರೆ ಮನೆಯ ಹುಡುಗರನ್ನ ಕರ್ಕೊಂಡು ಹೋಗಿ. ಡಿಸ್ಚಾರ್ಜ್ ಸಮ್ಮರಿ, ಎಕ್ಸ್-ರೇ, ಒರಿಜಿನಲ್ ಬಿಲ್ ಎಲ್ಲದರ ಫೋಟೋ ಮೊಬೈಲಲ್ಲಿ ಇರಲಿ, ಆಮೇಲೆ ಕೊಡಿ. ಕೇಸ್ ಹಾಕಿದ್ಮೇಲೆ ಎಂವಿಸಿ ನಂಬರ್ ತಗೊಂಡು ಇ-ಕೋರ್ಟ್ಸಲ್ಲಿ ಡೇಟ್ ನೀವೇ ನೋಡ್ತಾ ಇರಿ.

ಲೋಕ ಅದಾಲತ್‌ನಲ್ಲಿ ರಾಜಿ ಮಾಡೋಣ ಅಂತ ಬಂದ್ರೆ, ಅದು ಕೆಟ್ಟದ್ದೇನಲ್ಲ, ಬೇಗ ದುಡ್ಡು ಬರುತ್ತೆ. ಆದ್ರೆ ಅಲ್ಲಿ ಸೈನ್ ಮಾಡಿದ್ಮೇಲೆ ಅಪೀಲ್ ಇಲ್ಲ. ಹಾಗಾಗಿ ಮೇಲಿನ ಥರ ಲೆಕ್ಕ ಚೀಟಿ ಮೇಲೆ ಬರೆದು ತೋರಿಸಿ ಅಂತ ಲಾಯರಿಗೆ ಹೇಳಿ, ನೋಡಿ, ಮನೆಯವರ ಜೊತೆ ಮಾತಾಡಿ, ಆಮೇಲೆ ಒಪ್ಪಿ.

ಮಧ್ಯದಲ್ಲಿ ಲಾಯರ್ ಸರಿ ಹೋಗ್ಲಿಲ್ಲ ಅಂದ್ರೆ ಬದಲಾಯಿಸಬಹುದು. ಹಳೇ ಲಾಯರ್ ಹತ್ರ ಎನ್‌ಒಸಿ (ಬೇರೆ ಲಾಯರ್ ಇಡೋಕೆ ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಕೇಳಿ, ಫೀಸ್ ಬಾಕಿ ಇದೆ ಅಂತ ಫೈಲ್ ಹಿಡಿದಿಟ್ಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಕೊಡದೇ ಸತಾಯಿಸಿದ್ರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಬರೀಬಹುದು, ಅಷ್ಟರಲ್ಲಿ ಹೊಸ ಲಾಯರ್ ಕೋರ್ಟಿನಿಂದಲೇ ನಕಲು ತೆಗೆಸಿ ಕೆಲಸ ಶುರು ಮಾಡ್ಲಿ.