ಹೊತ್ತಿಕೊಳ್ಳದ ಗ್ಯಾಸ್ ಓವನ್: ರೀಸೆಟ್ ಒತ್ತುವ ಮುಂಚೆ ನೋಡಬೇಕಾದ್ದು

ಬನ್ ಟ್ರೇಗಳು ಉಬ್ಬಿ ನಿಂತಿವೆ. ಓವನ್ ಹೊತ್ತಿಕೊಳ್ಳುತ್ತಿಲ್ಲ. ಪ್ಯಾನೆಲ್ ಮೇಲೆ ಕೆಂಪು ದೀಪ. ಇಂಥ ಹೊತ್ತಲ್ಲಿ ಬೇಕರಿಯಲ್ಲಿ ಎಲ್ಲರೂ ಮಾಡುವುದು ಒಂದೇ ಕೆಲಸ, ರೀಸೆಟ್ ಬಟನ್ ಒತ್ತುವುದು. ಹುಡುಗ ಒತ್ತುತ್ತಾನೆ, ಭಟ್ಟಿ ನೋಡಿಕೊಳ್ಳುವವರು ಒತ್ತುತ್ತಾರೆ, ಕೊನೆಗೆ ಮಾಲೀಕರೇ ಬಂದು ಒತ್ತುತ್ತಾರೆ. ಇದಕ್ಕಿಂತ ಅಪಾಯದ ಅಭ್ಯಾಸ ಇನ್ನೊಂದಿಲ್ಲ. ಪ್ರತಿ ಸಲವೂ ಒಂದಿಷ್ಟು ಗ್ಯಾಸ್ ಒಳಗೆ ಬಂದು, ಉರಿಯದೆ ಅಲ್ಲೇ ಉಳಿಯಬಹುದು. ಆಮೇಲೆ ಯಾವಾಗಲೋ ಕಿಡಿ ಸರಿಯಾಗಿ ಬಿತ್ತು ಅನ್ನಿ, ಉಳಿದದ್ದೆಲ್ಲ ಒಂದೇ ಏಟಿಗೆ ಉರಿದು ಓವನ್ ಬಾಗಿಲೇ ಕಿತ್ತು ಬರಬಹುದು.

ಮುಂಬೈ, ಠಾಣೆ, ಪುಣೆ ಕಡೆ ಅಯ್ಯಂಗಾರ್ ಬೇಕರಿ ನಡೆಸುವ ನಮ್ಮ ಹಾಸನದ ಕಡೆಯವರಲ್ಲಿ ಗ್ಯಾಸ್ ಓವನ್ ಹೊಸದೇನಲ್ಲ. ಪಾವ್ ಮಾಡುವ ಹಳೆಯ ಬೇಕರಿಗಳ ಕಥೆ ಬೇರೆ. ಅಲ್ಲಿ ತಲೆಮಾರುಗಳಿಂದ ಕಟ್ಟಿಗೆ ಭಟ್ಟಿ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ನಗರದ ಗಾಳಿ ಕೆಟ್ಟಿದೆ ಅಂತ ತಾನೇ ಕೈಗೆತ್ತಿಕೊಂಡ ಪ್ರಕರಣದಲ್ಲಿ, ಕಟ್ಟಿಗೆ ಮತ್ತು ಕಲ್ಲಿದ್ದಲು ಬಳಸುವ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸ್‌ನಂಥ ಹಸಿರು ಇಂಧನಕ್ಕೆ ಬದಲಾಗಬೇಕು ಎಂದಿತು. ಕಟ್ಟಿಗೆ ಭಟ್ಟಿ ಉರಿಯಲಿಲ್ಲ ಅಂದರೆ ಕಾರಣ ಕಣ್ಣಿಗೇ ಕಾಣುತ್ತದೆ. ಗ್ಯಾಸ್ ಓವನ್‌ನಲ್ಲಿ ಕಾಣುವುದಿಲ್ಲ. ಆದರೆ ಅದಕ್ಕೊಂದು ಕ್ರಮ ಇದೆ. ಒಂದಾದ ಮೇಲೊಂದು ಹೆಜ್ಜೆ ಇಟ್ಟು ಅದು ಹೊತ್ತಿಕೊಳ್ಳುತ್ತದೆ. ಯಾವ ಹೆಜ್ಜೆಯಲ್ಲಿ ನಿಂತಿತು ಅಂತ ಗೊತ್ತಾದರೆ, ಏನು ಕೆಟ್ಟಿದೆ ಅನ್ನುವುದು ಹೆಚ್ಚುಕಡಿಮೆ ಗೊತ್ತಾದ ಹಾಗೆಯೇ.

ಮೊದಲು ಮೂಗು, ಆಮೇಲೆ ಕೈ

ಓವನ್ ಹತ್ತಿರ ಹೋದ ತಕ್ಷಣ ಏನನ್ನೂ ಒತ್ತಬೇಡಿ. ವಾಸನೆ ನೋಡಿ. ಈಸ್ಟ್, ಬೆಣ್ಣೆ, ವೆನಿಲಾ ಮಧ್ಯೆ ರಾತ್ರಿಯೆಲ್ಲ ಕೆಲಸ ಮಾಡಿದವರ ಮೂಗು ಮಂದವಾಗಿರುತ್ತದೆ. ಆಗತಾನೇ ಹೊರಗಿಂದ ಬಂದವರನ್ನು ಕೇಳುವುದು ಒಳ್ಳೆಯದು.

ವಾಸನೆ ಇದ್ದರೆ ಮೇನ್ ವಾಲ್ವ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ. ಲೈಟ್, ಎಕ್ಸಾಸ್ಟ್ ಫ್ಯಾನ್ ಯಾವುದರ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ಸ್ವಿಚ್ಚಿನ ಸಣ್ಣ ಕಿಡಿಯೇ ಸಾಕು.

ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ. ಅದು ನೆಲದ ಮೇಲೆ, ಮೋರಿಯಲ್ಲಿ, ಬೇಸ್‌ಮೆಂಟ್‌ನಲ್ಲಿ ನಿಲ್ಲುತ್ತದೆ. ಪೈಪಿನಲ್ಲಿ ಬರುವ ಗ್ಯಾಸ್ ಗಾಳಿಗಿಂತ ಹಗುರ. ಅದು ಮೇಲೇರಿ ಸೂರಿನ ಕೆಳಗೆ ಸೇರಿಕೊಳ್ಳುತ್ತದೆ. ಮುಂಬೈಯ ಎಷ್ಟೋ ಬೇಕರಿಗಳಲ್ಲಿ ಹುಡುಗರು ಮಲಗುವುದು ಓವನ್ ಮೇಲಿನ ಅಟ್ಟದಲ್ಲೇ. ಪೈಪ್ ಗ್ಯಾಸ್ ಹಾಕಿಸಿಕೊಂಡವರು ಮೊದಲು ಎಬ್ಬಿಸಬೇಕಾದ್ದು ಅವರನ್ನು. ಎಲ್ಲರೂ ಹೊರಗೆ ಬಂದ ಮೇಲೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆ 1906. ಪೈಪ್ ಗ್ಯಾಸ್ ಆದರೆ ಬಿಲ್ಲಿನ ಮೇಲೆ ಕಂಪನಿಯ ತುರ್ತು ನಂಬರ್ ಇರುತ್ತದೆ. ಅದನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

ವಾಸನೆ ಇಲ್ಲದಿದ್ದರೂ ರೀಸೆಟ್ ಒಂದೇ ಸಲ. ಆಗಲಿಲ್ಲವಾ, ಓವನ್ ಬಾಗಿಲು ತೆಗೆದು ಕನಿಷ್ಠ ಐದು ನಿಮಿಷ ಹಾಗೇ ಬಿಡಿ.

ಗ್ಯಾಸ್ ಬರುತ್ತಿದೆಯಾ?

ಕೇಳಿದರೆ ನಗು ಬರುತ್ತದೆ. ಆದರೆ ಇದನ್ನೇ ಮರೆಯುವವರು ಜಾಸ್ತಿ. ಓವನ್ ಹಿಂದಿನ ವಾಲ್ವ್ ನೋಡಿ. ಹಿಡಿ ಪೈಪಿನ ನೇರಕ್ಕಿದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ರಾತ್ರಿ ಕಸ ಗುಡಿಸುವಾಗ ಪೊರಕೆ ತಗುಲಿ ಹಿಡಿ ತಿರುಗಿರಬಹುದು. ಅದೇ ಲೈನಿನಲ್ಲಿ ಚಹಾದ ಒಲೆ ಇದ್ದರೆ ಹಚ್ಚಿ ನೋಡಿ. ಒಲೆ ಸರಿಯಾಗಿ ಉರಿದರೆ ತೊಂದರೆ ಹೆಚ್ಚಾಗಿ ಓವನ್ ಕಡೆಯದೇ.

ಸಿಲಿಂಡರ್ ಬಳಸುವವರಿಗೆ ಇನ್ನೊಂದು ತಲೆನೋವು. 19 ಕೆಜಿ ಸಿಲಿಂಡರ್ ಒಳಗಿರುವುದು ದ್ರವ. ಅದು ಆವಿಯಾದರೇ ಗ್ಯಾಸ್. ದೊಡ್ಡ ಓವನ್ ಒಂದೇ ಸಿಲಿಂಡರಿನಿಂದ ಎಳೆಯತೊಡಗಿದರೆ ಆವಿಯಾಗುವ ವೇಗ ಸಾಲುವುದಿಲ್ಲ. ಸಿಲಿಂಡರ್ ತಣ್ಣಗಾಗಿ ಹೊರಗೆ ಬೆವರುತ್ತದೆ, ಕೆಲವೊಮ್ಮೆ ಹಿಮ ಕಟ್ಟುತ್ತದೆ, ಒತ್ತಡ ಬಿದ್ದುಹೋಗುತ್ತದೆ. ಪುಣೆಯ ಡಿಸೆಂಬರ್ ಚಳಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಪರಿಹಾರ ಒಂದೇ, ಎರಡು ಮೂರು ಸಿಲಿಂಡರ್ ಒಟ್ಟಿಗೆ ಜೋಡಿಸುವ ಮ್ಯಾನಿಫೋಲ್ಡ್. ಅದನ್ನು ಗ್ಯಾಸ್ ಏಜೆನ್ಸಿಯವರಿಂದಲೇ ಹಾಕಿಸಿ. ಸಿಲಿಂಡರಿಗೆ ಬಿಸಿನೀರು ಸುರಿಯುವುದು, ಅಲ್ಲಾಡಿಸುವುದು, ಅಡ್ಡ ಮಲಗಿಸುವುದು ಬೇಡವೇ ಬೇಡ. ಮಲಗಿಸಿದರೆ ದ್ರವವೇ ಪೈಪಿಗೆ ನುಗ್ಗುತ್ತದೆ.

ಸಿಲಿಂಡರಿನಿಂದ ಪೈಪ್ ಗ್ಯಾಸಿಗೆ ಈಚೆಗೆ ಬದಲಾದವರು ಒಂದು ಮಾತು ಕೇಳಿಕೊಳ್ಳಿ: ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಸಣ್ಣ ತೂತಿನ ಬಿಡಿಭಾಗ, ಬದಲಾಯಿಸಿದ್ದಾರಾ? ಒಂದೇ ಅಳತೆಯ ಎಲ್‌ಪಿಜಿಯಲ್ಲಿ ಪೈಪ್ ಗ್ಯಾಸಿಗಿಂತ ಸುಮಾರು ಎರಡೂವರೆ ಪಟ್ಟು ಶಾಖ ಇದೆ. ಅದಕ್ಕೇ ಪೈಪ್ ಗ್ಯಾಸಿನ ಜೆಟ್ ತೂತು ದೊಡ್ಡದು. ಹಳೆ ಜೆಟ್ಟನ್ನೇ ಬಿಟ್ಟರೆ ಉರಿ ಸಣ್ಣಗೆ, ಬಡವಾಗಿ ಬಂದು ಆರುತ್ತದೆ. "ಡ್ರಿಲ್ ಹಾಕಿ ಸ್ವಲ್ಪ ದೊಡ್ಡದು ಮಾಡ್ತೀನಿ ಅಣ್ಣಾ" ಅನ್ನುವ ಮಿಸ್ತ್ರಿಗೆ ಚಹಾ ಕುಡಿಸಿ ಕಳಿಸಿಬಿಡಿ. ಓವನ್ ಕಂಪನಿಯ ಜೆಟ್ಟೇ ಬೇಕು. ಮೀಟರ್ ಮತ್ತು ಅದರ ಪಕ್ಕದ ರೆಗ್ಯುಲೇಟರನ್ನಂತೂ ಗ್ಯಾಸ್ ಕಂಪನಿಯವರು ಬಿಟ್ಟು ಇನ್ಯಾರೂ ಮುಟ್ಟುವ ಹಾಗಿಲ್ಲ.

ಪೈಲಟ್ ಇರುವ ಡೆಕ್ ಓವನ್

ಸಣ್ಣ ಬೇಕರಿಗಳ ಡೆಕ್ ಓವನ್‌ಗಳಲ್ಲಿ, ಅಂದರೆ ಅಂತಸ್ತಿನಂತೆ ಟ್ರೇ ಇಡುವ ಓವನ್‌ಗಳಲ್ಲಿ, ಸಾಮಾನ್ಯವಾಗಿ ದೊಡ್ಡ ಬರ್ನರನ್ನು ಹೊತ್ತಿಸುವ ಸಣ್ಣ ಪೈಲಟ್ ಉರಿ ಇರುತ್ತದೆ. ನಾಬ್ ಒತ್ತಿ ಹಿಡಿದು ಹಚ್ಚಬೇಕು, ಹಚ್ಚಿದ ಮೇಲೂ ಇಪ್ಪತ್ತು ಮೂವತ್ತು ಸೆಕೆಂಡು ಬಿಡಬಾರದು. ಹೊಸ ಹುಡುಗರು ಐದು ಸೆಕೆಂಡಿಗೇ ಬಿಟ್ಟು "ಓವನ್ ಹಾಳಾಗಿದೆ" ಅನ್ನುತ್ತಾರೆ.

ಪೂರ್ತಿ ಹೊತ್ತು ಹಿಡಿದರೂ, ಕೈ ಬಿಟ್ಟ ಕೂಡಲೇ ಉರಿ ಆರುತ್ತಿದ್ದರೆ ಥರ್ಮೊಕಪಲ್ ಮೇಲೆ ಅನುಮಾನ ಪಡಿ. ಪೈಲಟ್ ಉರಿಯಲ್ಲಿ ತುದಿ ಚಾಚಿಕೊಂಡಿರುವ ತಾಮ್ರದ ಬಣ್ಣದ ಕಡ್ಡಿ ಅದು. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿರುತ್ತಾರೆ. ತುದಿ ಕಾದರೆ ತಾನೇ ಸ್ವಲ್ಪ ಕರೆಂಟ್ ಹುಟ್ಟಿಸುತ್ತದೆ. ಆ ಕರೆಂಟ್ ವಾಲ್ವಿನೊಳಗಿನ ಅಯಸ್ಕಾಂತವನ್ನು ಹಿಡಿದಿಟ್ಟು ಗ್ಯಾಸ್ ಬಿಡುತ್ತದೆ. ಉರಿ ಆರಿದರೆ ಕಡ್ಡಿ ತಣ್ಣಗಾಗಿ ಗ್ಯಾಸ್ ತಾನಾಗಿಯೇ ಬಂದ್ ಆಗುತ್ತದೆ. ಎಂಥ ಸರಳ ಬುದ್ಧಿ ನೋಡಿ! ಪ್ಲಗ್ ಬೇಡ, ಬ್ಯಾಟರಿ ಬೇಡ.

ಓವನ್ ಪೂರ್ತಿ ಆರಿದ ಮೇಲೆ, ಗ್ಯಾಸ್ ಬಂದ್ ಮಾಡಿ ನೋಡಿ. ಕಡ್ಡಿಯ ತುದಿಗೆ ಮಸಿ ಹಿಡಿದಿದ್ದರೆ ನಯವಾದ ಸ್ಯಾಂಡ್ ಪೇಪರಿನಿಂದ ಮೆತ್ತಗೆ ಉಜ್ಜಿ. ತುದಿಯ ಮೇಲಿನ ಒಂದು ಸೆಂಟಿಮೀಟರಿನಷ್ಟು ಭಾಗ ಉರಿಯೊಳಗೇ ಇರಬೇಕು. ಟ್ರೇ ತಾಗಿ ಪಕ್ಕಕ್ಕೆ ಬಾಗಿದ್ದರೆ ಸರಿಪಡಿಸಿ. ಇನ್ನೊಂದು ತುದಿ ವಾಲ್ವಿಗೆ ಸೇರುವ ನಟ್ ಸಡಿಲವಿದ್ದರೆ ಕೈಯಲ್ಲಿ ಬಿಗಿದು, ಪಾನಾ ಹಾಕಿ ಕಾಲು ಸುತ್ತು ತಿರುಗಿಸಿ, ಅಷ್ಟೇ. ಜಾಸ್ತಿ ಬಿಗಿದರೆ ಒಳಗಿನ ನಿರೋಧಕ ಜಜ್ಜಿಹೋಗಿ ಹೊಸದೂ ಕೆಲಸ ಮಾಡುವುದಿಲ್ಲ. ಮಲ್ಟಿಮೀಟರ್ ಇದ್ದವರು ಮಿಲಿವೋಲ್ಟಿಗೆ ಇಟ್ಟು ಅಳೆಯಬಹುದು. ಚೆನ್ನಾಗಿರುವುದು ಬಿಸಿಯಾದಾಗ 20ರಿಂದ 30 ತೋರಿಸುತ್ತದೆ. ಹತ್ತರ ಆಸುಪಾಸಿನಲ್ಲೇ ನಿಂತರೆ ಬದಲಿಸಿ. ದುಬಾರಿ ಸಾಮಾನೇನಲ್ಲ.

ಪೈಲಟ್ಟೇ ಹತ್ತದಿದ್ದರೆ ಅದರ ಸಣ್ಣ ತೂತಿನಲ್ಲಿ ಮೈದಾ ಧೂಳು ಸೇರಿರಬಹುದು. ಸೇಫ್ಟಿ ಪಿನ್ ಹಾಕಿ ಕೆದಕಬೇಡಿ, ತೂತು ದೊಡ್ಡದಾಗುತ್ತದೆ. ಬಿಚ್ಚಿ ಗಾಳಿ ಊದಿಸಿದರೆ ಸಾಕು.

ಬ್ಲೋವರ್ ಇರುವ ರೋಟರಿ ಓವನ್

ಟ್ರೇಗಳ ಸ್ಟ್ಯಾಂಡ್ ಒಳಗೇ ತಿರುಗುವ ಓವನ್ ಇದು. ಇದರಲ್ಲಿ ಪೈಲಟ್ ಇರುವುದಿಲ್ಲ. ಒಂದು ಕಂಟ್ರೋಲ್ ಬಾಕ್ಸ್ ಎಲ್ಲ ನಡೆಸುತ್ತದೆ. ಬ್ಲೋವರ್ ತಿರುಗಿ ಒಳಗಿನ ಹಳೆ ಗ್ಯಾಸನ್ನು ಹೊರಗೆ ಓಡಿಸುತ್ತದೆ. ಗಾಳಿ ಬರುತ್ತಿದೆ ಅಂತ ಏರ್ ಪ್ರೆಶರ್ ಸ್ವಿಚ್ ಒಪ್ಪಿಗೆ ಕೊಡುತ್ತದೆ. ಆಮೇಲೆ ಕಿಡಿ. ಆಮೇಲೆ ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ 'ಟಕ್' ಅಂದು ಗ್ಯಾಸ್ ಬಿಡುತ್ತದೆ. ಕೆಲವೇ ಸೆಕೆಂಡಿನಲ್ಲಿ ಉರಿ ಕಾಣದಿದ್ದರೆ ಗ್ಯಾಸ್ ಬಂದ್, ಕೆಂಪು ದೀಪ. ಹಾಗಾಗಿ ಮುಂದೆ ನಿಂತು ಸುಮ್ನೆ ಒಂದು ಸಲ ಕಿವಿಗೊಟ್ಟು ಕೇಳಿ.

ಬ್ಲೋವರ್ ತಿರುಗಲೇ ಇಲ್ಲವಾ? ಗ್ಯಾಸಿಗೂ ಇದಕ್ಕೂ ಸಂಬಂಧ ಇಲ್ಲ. ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಎಮರ್ಜೆನ್ಸಿ ಬಟನ್, ಬಾಗಿಲಿನ ಸ್ವಿಚ್, ಮೋಟರಿನ ಓವರ್‌ಲೋಡ್ ಸ್ವಿಚ್ ನೋಡಿ. ಥರ್ಮೊಸ್ಟಾಟ್ ಸೊನ್ನೆಯಲ್ಲಿದೆಯಾ ಅದನ್ನೂ ನೋಡಿ.

ಬ್ಲೋವರ್ ತಿರುಗುತ್ತಲೇ ಇದೆ, ಮುಂದೆ ಏನೂ ಆಗುತ್ತಿಲ್ಲ ಅಂದರೆ ಹೆಚ್ಚಾಗಿ ಗಾಳಿ ಸಾಲುತ್ತಿಲ್ಲ. ಬೇಕರಿಯಲ್ಲಿ ಮೈದಾ ಗಾಳಿಯಲ್ಲೇ ತೇಲುತ್ತಿರುತ್ತದೆ, ಅದಕ್ಕೆ ಎಣ್ಣೆಯ ಹಬೆ ಸೇರಿ ಬ್ಲೋವರಿನ ರೆಕ್ಕೆಗಳ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಕರೆಂಟ್ ತೆಗೆದು, ಜಾಲರಿ ಬಿಚ್ಚಿ, ಬ್ರಷ್ಷಿನಿಂದ ಕೆರೆಯಿರಿ. ಪ್ರೆಶರ್ ಸ್ವಿಚ್ಚಿಗೆ ಹೋಗುವ ತೆಳ್ಳನೆ ಟ್ಯೂಬ್ ಕಟ್ಟಿಕೊಂಡಿದೆಯಾ ನೋಡಿ. ಇಲ್ಲೇ ಕೆಲವರು ಪ್ರೆಶರ್ ಸ್ವಿಚ್ಚಿನ ಎರಡು ವೈರ್ ಸೇರಿಸಿ 'ಡೈರೆಕ್ಟ್' ಮಾಡುವುದು. ಓವನ್ ಹೊತ್ತಿಕೊಳ್ಳುತ್ತದೆ, ನಿಜ. ಆದರೆ ನಾಳೆ ಬ್ಲೋವರ್ ನಿಂತರೂ ಗ್ಯಾಸ್ ಬರುತ್ತಲೇ ಇರುತ್ತದೆ. ಹೀಗೆ ಮಾಡಿದ ಓವನ್ ಎದುರು ನಾನಂತೂ ನಿಲ್ಲುವುದಿಲ್ಲ.

ಕಿಡಿಯ ಚಟಚಟ ಸದ್ದು ಇಲ್ಲದಿದ್ದರೆ ಎಲೆಕ್ಟ್ರೋಡ್, ಅಂದರೆ ಕಿಡಿ ಹಾರಿಸುವ ಕಡ್ಡಿ ನೋಡಬೇಕು. ಮೊದಲು ಮೇನ್ ಸ್ವಿಚ್ ಆಫ್. ಕಿಡಿ ಟ್ರಾನ್ಸ್‌ಫಾರ್ಮರ್ ಕೊಡುವುದು ಸಾವಿರಾರು ವೋಲ್ಟ್. ತುದಿಗಳ ನಡುವಿನ ಸಂದು ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್. ಸರಿಯಾದ ಅಳತೆ ಬರ್ನರ್ ಪುಸ್ತಕದಲ್ಲಿರುತ್ತದೆ. ತುದಿ ಸವೆದು ಸಂದು ದೊಡ್ಡದಾದರೆ ಕಿಡಿ ಹಾರುವುದಿಲ್ಲ. ಅದರ ಸುತ್ತಲಿನ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಕಿಡಿ ಅಲ್ಲೇ ಸೋರಿಹೋಗುತ್ತದೆ. ಮುಂಬೈ ಮಳೆಗಾಲದಲ್ಲಿ ಬಿರುಕೂ ಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಿಂಗಾಣಿಯ ಮೇಲೆ ತೇವ, ತೇವಕ್ಕೆ ಮೈದಾ, ಅಷ್ಟು ಸಾಕು. ವಾರದ ರಜೆಯ ಮರುದಿನ ಬೆಳಗ್ಗೆ ಮಾತ್ರ ಓವನ್ ಹಟ ಮಾಡುತ್ತದೆ ಅಂದರೆ ಬಹುಪಾಲು ಇದೇ ಕಾರಣ. ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕೇಬಲಿನ ತುದಿ ಬಿಗಿಯಾಗಿದೆಯಾ ನೋಡಿ ಮತ್ತೆ ಕೂರಿಸಿ.

ಕಿಡಿ ಬರುತ್ತದೆ, ಉರಿ ಬರುವುದಿಲ್ಲ, 'ಟಕ್' ಸದ್ದೂ ಇಲ್ಲ. ಆಗ ಸೊಲೆನಾಯ್ಡ್ ಕಾಯಿಲ್ ಸುಟ್ಟಿರಬಹುದು, ಇಲ್ಲವೇ ಗ್ಯಾಸ್ ಒತ್ತಡ ಕಡಿಮೆ ಇದೆ ಅಂತ ಅದರ ಸ್ವಿಚ್ಚೇ ತಡೆದಿರಬಹುದು. ಇದು ಮೆಕ್ಯಾನಿಕ್ ಕೆಲಸ, ನೀವು ಬಿಚ್ಚಬೇಡಿ.

ಉರಿ ಬಂದು ಆರಿಹೋಗುತ್ತಿದ್ದರೆ

ಎಲ್ಲಕ್ಕಿಂತ ಜಾಸ್ತಿ ದಾರಿ ತಪ್ಪಿಸುವ ತೊಂದರೆ ಇದು. ಉರಿ ಚೆನ್ನಾಗಿ ಬರುತ್ತದೆ, ಕೆಲವು ಸೆಕೆಂಡು ಉರಿಯುತ್ತದೆ, ಆರುತ್ತದೆ. ಗ್ಯಾಸ್ ಸಾಲುತ್ತಿಲ್ಲ ಅಂದುಕೊಂಡು ಜನ ರೆಗ್ಯುಲೇಟರ್ ತಿರುಗಿಸುತ್ತಾರೆ. ನಿಜವಾಗಿ ಆಗಿರುವುದೇನೆಂದರೆ, ಉರಿ ಇದೆ, ಆದರೆ ಇದೆ ಅನ್ನುವುದು ಕಂಟ್ರೋಲ್ ಬಾಕ್ಸಿಗೆ ಗೊತ್ತಾಗುತ್ತಿಲ್ಲ.

ಅನೇಕ ಬರ್ನರ್‌ಗಳಲ್ಲಿ ಉರಿಯೊಳಗೆ ಒಂದು ಲೋಹದ ಕಡ್ಡಿ ನಿಂತಿರುತ್ತದೆ. ಉರಿಯ ಮೂಲಕ ಕರೆಂಟ್ ಹರಿಯಬಲ್ಲದು. ಕಡ್ಡಿಯಿಂದ ಉರಿಗೆ, ಉರಿಯಿಂದ ಬರ್ನರಿನ ಮೈಗೆ, ಅಲ್ಲಿಂದ ಅರ್ಥಿಂಗಿಗೆ. ಹರಿಯುವುದು ಕೆಲವೇ ಮೈಕ್ರೋ ಆಂಪಿಯರ್. ಅಷ್ಟು ಸಣ್ಣ ಕರೆಂಟನ್ನು ಕಡ್ಡಿಯ ಮೇಲಿನ ತೆಳು ಪದರವೇ ತಡೆಯುತ್ತದೆ. ನಯವಾದ ಸ್ಯಾಂಡ್ ಪೇಪರಿನಿಂದ ಹೊಳೆಯುವ ಹಾಗೆ ಉಜ್ಜಿ. ಕಡ್ಡಿಯನ್ನು ಬಗ್ಗಿಸಬೇಡಿ.

ಉಜ್ಜಿದರೂ ಸರಿಯಾಗಲಿಲ್ಲವಾ? ಪ್ಲಗ್ ಪಾಯಿಂಟ್ ಕಡೆ ತಿರುಗಿ. ಅರ್ಥಿಂಗ್ ಇಲ್ಲದಿದ್ದರೆ ಈ ದಾರಿಯೇ ಕಡಿದ ಹಾಗೆ. ಕಡಲ ಗಾಳಿಗೆ ಅರ್ಥ್ ವೈರಿನ ನಟ್ ತುಕ್ಕು ಹಿಡಿಯುವುದು ಇಲ್ಲಿ ಮಾಮೂಲಿ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೂ ಇಂಥ ಬಹಳಷ್ಟು ಬರ್ನರ್‌ಗಳು ನಿಲ್ಲುವುದಿಲ್ಲ. ಮೂರು ಪಿನ್ನಿನ ಸಾಕೆಟ್ಟನ್ನು ಎದುರಿಗೆ ನಿಂತು ನೋಡಿದರೆ ಬಲಗಡೆ ತೂತಿನಲ್ಲಿ ಫೇಸ್ ಇರಬೇಕು. ನಿನ್ನೆ ವೈರ್‌ಮನ್ ಬಂದು ಸಾಕೆಟ್ ಬದಲಿಸಿ ಹೋದ, ಇವತ್ತು ಓವನ್ ಆರುತ್ತಿದೆ ಅಂದರೆ ಇನ್ನೆಲ್ಲೂ ಹುಡುಕಬೇಡಿ. ಕರೆಂಟ್ ಹೋಗಿ ಜನರೇಟರ್ ಹಾಕಿದಾಗ ಮಾತ್ರ ಆರುತ್ತದೆ ಎನ್ನುವವರು ಜನರೇಟರಿನ ನ್ಯೂಟ್ರಲ್ಲಿಗೆ ಅರ್ಥಿಂಗ್ ಕೊಟ್ಟಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.

ಹೊತ್ತಿಕೊಂಡ ಮೇಲೆ

ಬಿಚ್ಚಿದ ಪ್ರತಿ ಗ್ಯಾಸ್ ಜೋಡಣೆಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಏನು ಹೇಳುವುದು! ಉರಿ ನೀಲಿ ಇರಬೇಕು. ಹಳದಿ ಇದ್ದರೆ ಗಾಳಿ ಕಡಿಮೆ. ಮಸಿಯ ಜೊತೆ ಕಾರ್ಬನ್ ಮೋನಾಕ್ಸೈಡ್ ಕೂಡ ಹುಟ್ಟುತ್ತದೆ, ಅದಕ್ಕೆ ವಾಸನೆ ಇಲ್ಲ. ಚಿಮಣಿ ಕಟ್ಟಿಕೊಂಡಿದೆಯಾ ನೋಡಿ. ಟ್ರೇ ಇಡುವ ಮುಂಚೆ ಹತ್ತು ನಿಮಿಷ ಖಾಲಿ ಓಡಿಸಿ, ಆರಿಸಿ, ಇನ್ನೊಮ್ಮೆ ಹಚ್ಚಿ ನೋಡಿ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಹಾಗಾದರೆ "ಓವನ್ ಬಂದ್ ಬಿದ್ದಿದೆ" ಅಂದರೆ ಅವನಿಗೆ ಏನೂ ತಿಳಿಯುವುದಿಲ್ಲ. "ಬ್ಲೋವರ್ ತಿರುಗುತ್ತೆ, ಕಿಡಿ ಬರುತ್ತೆ, ಉರಿ ಬಂದು ಆರುತ್ತೆ" ಅನ್ನಿ. ಬರ್ನರ್ ತಗಡಿನ ಮೇಲಿನ ಮಾಡೆಲ್ ನಂಬರಿನ ಫೋಟೊ ಕಳಿಸಿ. ಬೇಕಾದ ಸಾಮಾನು ಮೊದಲೇ ಹಿಡಿದುಕೊಂಡು ಬರುತ್ತಾನೆ. ಒಂದು ಥರ್ಮೊಕಪಲ್, ಒಂದು ಜೋಡಿ ಎಲೆಕ್ಟ್ರೋಡ್ ನಿಮ್ಮ ಹತ್ತಿರವೂ ಇರಲಿ. ಮೈದಾ ಮೂಟೆಯಿಂದ ದೂರ, ಮುಚ್ಚಳ ಇರುವ ಡಬ್ಬದಲ್ಲಿ.