ಪ್ಯಾಕ್ 200ಕ್ಕ ಏರಿಸಿದ್ರೂ ಓಡ್ಲಿಲ್ಲ: ಸಪ್ತಾಪುರದ ಸ್ಟಡಿ ರೂಮಿನ ವೈಫೈ, ನನ್ನ ಅನುಭವ

ನಮ್ಮ ಕಾಕಾಂದು ಧಾರವಾಡ ಸಪ್ತಾಪುರದಾಗ ಒಂದು ಸ್ಟಡಿ ರೂಮ್ ಐತಿ, ಪಿಎಸ್‌ಐ, ಕೆಎಎಸ್ ಅಂತ ಓದೋ ಹುಡುಗ್ರು ಒಂದ್ 30 ಮಂದಿ ಕೂಡ್ತಾರ. ಸಂಜಿ ಏಳು ಆತಂದ್ರ "ಅಣ್ಣಾ, ನೆಟ್ ನಿಂತೈತಿ" ಅಂತ ಒಬ್ರ ಹಿಂದ ಒಬ್ರು. ಕಾಕಾ 100 ಎಂಬಿಪಿಎಸ್ ಪ್ಯಾಕ್ ಬಿಟ್ಟು 200ಂದು ಹಾಕಿಸಿದ್ರು, ತಿಂಗಳಾ ರೊಕ್ಕ ಜಾಸ್ತಿ ಹೋತು, ಕಥಿ ಮಾತ್ರ ಅದ. ಕಡೀಕ ನನಗ ಫೋನ್ ಮಾಡಿ, "ಬಂದು ಒಂದೀಟು ನೋಡೋ ತಮ್ಮಾ" ಅಂದ್ರು.

ಮೊದ್ಲು ಲ್ಯಾಪ್‌ಟಾಪಿಗೆ ಕೇಬಲ್ ಹಚ್ಚಿ ನೋಡ್ದೆ, 190ರ ಮ್ಯಾಲೆ ಬಂತು. ಅದ ಟೇಬಲ್‌ಗೆ ಕುಂತು ವೈಫೈದಾಗ ನೋಡಿದ್ರ 6! ಲೈನಿಂದೇನೂ ತಪ್ಪಿಲ್ಲ ಅಂತ ಅಲ್ಲೇ ಗೊತ್ತಾತು. ಸುತ್ತ ಯಾವ್ಯಾವ ವೈಫೈ ಅದಾವಂತ ತೋರ್ಸೋ ಅನಲೈಸರ್ ಆ್ಯಪ್ ಮೊಬೈಲ್‌ನ್ಯಾಗ ತಗದ್ರ 23 ನೆಟ್‌ವರ್ಕ್, ಸುತ್ತೂ ಪಿಜಿ, ಕೋಚಿಂಗ್, ಮೆಸ್ ಅಲ್ರೀ, ಎಲ್ಲಾರೂ 1, 6, 11ನೇ ಚಾನಲ್‌ದಾಗ ತುಂಬ್ಕೊಂಡಾರ. ಚಾನಲ್ ಅಂದ್ರ ವೈಫೈ ಓಡೋ ರೇಡಿಯೋ ದಾರಿ.

ಇಲ್ಲೇ ನಾ ಶ್ಯಾಣ್ಯಾತನ ಮಾಡಾಕ ಹೋಗಿ ಕೆಟ್ಟೆ. 3ನೇ ಚಾನಲ್ ಖಾಲಿ ಐತಲ್ಲ ಅಂತ ಅದಕ್ಕ ಹಾಕಿದೆ, ಇನ್ನೂ ಹದಗೆಡ್ತು. ವೈಫೈ ಓಡೋ 2.4 ಗಿಗಾಹರ್ಟ್ಸ್ ಪಟ್ಟಿದಾಗ ಒಂದು ಚಾನಲ್ಲಿಗೂ ಇನ್ನೊಂದಕ್ಕೂ ಬರೇ 5 ಮೆಗಾಹರ್ಟ್ಸ್ ಅಂತರ, ಆದ್ರ ಒಂದೊಂದು ನೆಟ್‌ವರ್ಕ್ ಹಿಡಿಯೋ ಜಾಗ ಸುಮಾರು 20, ಹಂಗಾಗಿ 3ರಾಗ ಕುಂತವ ಆ ಕಡೆ 1, ಈ ಕಡೆ 6, ಎರಡರ ಮ್ಯಾಲೂ ಕಾಲು ಚಾಚ್ತಾನ. ಒಂದ ಚಾನಲ್‌ನ್ಯಾಗ ಇದ್ರ ಒಬ್ರದು ಒಬ್ರಿಗೆ ಕೇಳಿಸಿ ಪಾಳಿ ಹಚ್ತಾರ, 1997ರ ಮೊದಲ್ನೇ ವೈಫೈ ನಿಯಮ 802.11ದಿಂದ್ಲೂ ಪದ್ಧತಿ ಇದ, ಮೊದ್ಲು ಕೇಳು ಆಮ್ಯಾಲೆ ಮಾತಾಡು. ಬ್ಯಾರೆ ಚಾನಲ್‌ದಿಂದ ಅರ್ಧಂಬರ್ಧ ಅಡ್ಡ ಬಂದೋರ ಮಾತು ತಿಳಿಯಂಗಿಲ್ಲ, ಬರೇ ಗದ್ಲ. 11ಕ್ಕ ಹಾಕಿ, ಚಾನಲ್ ಅಗಲ 40 ಮೆಗಾಹರ್ಟ್ಸ್ ಇದ್ದದ್ದನ್ನ 20ಕ್ಕ ಇಳಿಸಿದೆ. ಅಷ್ಟಕ್ಕ ವಿಡಿಯೋ ನಿಲ್ಲೂದು ಕಮ್ಮಿ ಆತು.

ವೈಫೈದ ಇನ್ನೊಂದು ಪಟ್ಟಿ 5 ಗಿಗಾಹರ್ಟ್ಸ್‌ದಾಗ ಜಾಗ ಬಾಳ ಐತಿ, ಆದ್ರ ಅದು ದಪ್ಪ ಗ್ವಾಡಿ ದಾಟೂದು ಕಷ್ಟ. ಇದು ಹಳೇ ಮನಿ, ನಡುವಿನ ಮಣ್ಣಿನ ಗ್ವಾಡಿ ಒಂದೂವರೆ ಅಡಿ ದಪ್ಪ, ಹಿಂದಿನ ಖೋಲಿ ಹುಡುಗ್ರಿಗೆ ಸಿಗ್ನಲ್ ಒಂದ ಕಡ್ಡಿ. ಸಿಗ್ನಲ್ ಹಿಡಿದು ಮುಂದ ದಾಟಿಸೋ ರಿಪೀಟರ್ ಹಚ್ಚು ಅಂದ್ರು ಮಂದಿ, ಬ್ಯಾಡಂದೆ, ಸಾದಾ ರಿಪೀಟರ್ ಅದ ಚಾನಲ್‌ದಾಗ ಕೇಳಿದ್ದನ್ನ ಮತ್ತೊಮ್ಮೆ ಹೇಳ್ತೈತಿ, ಅರ್ಧ ಹೊತ್ತು ಅಲ್ಲೇ ಹೋಗ್ತೈತಿ. 20 ಮೀಟರ್ ಕೇಬಲ್ ಎಳದು, ಇನ್ನೊಂದು ರೌಟರನ್ನ ಡಿಎಚ್‌ಸಿಪಿ (ಫೋನ್‌ಗೋಳಿಗೆ ನೆಟ್‌ವರ್ಕ್ ವಿಳಾಸ ಹಂಚೋ ಕೆಲಸ) ಬಂದ್ ಮಾಡಿ, ಬರೇ ವೈಫೈ ಬೀರೋ ಆ್ಯಕ್ಸೆಸ್ ಪಾಯಿಂಟ್ ಮಾಡಿ ಹಿಂದ ಇಟ್ಟೆ. ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದ, 5 ಗಿಗಾಹರ್ಟ್ಸ್ ಚಾನಲ್ ಮಾತ್ರ ಮುಂದ 36, ಹಿಂದ 149.

ಉಳಿದದ್ದು 2.4 ಬಿಟ್ಟು ಬ್ಯಾರೆ ಗೊತ್ತಿಲ್ಲದ ಹಳೇ ಫೋನ್‌ಗೋಳು. ಬಾಜೂ ಪಿಜಿ ರೌಟರ್ ತಾನ ಚಾನಲ್ ಆರಿಸ್ಕೊಳ್ಳೋ ಆಟೋದಾಗಿತ್ತು, ಕರೆಂಟ್ ಹೋಗಿ ಬಂದಾಗೊಮ್ಮೆ 9ಕ್ಕೋ 10ಕ್ಕೋ ಜಿಗೀತಿತ್ತು. ಹೋಗಿ ಮಾಲಕರ ಕೂಡ ಚಾ ಕುಡದು ಕುಂತೆ, ಅವ್ರದೂ ಅದ ಗೋಳು. ಅವ್ರದನ್ನ 6ಕ್ಕ ಕಟ್ಟಿಹಾಕಿ ಬಂದೆ.

ಈಗ ಕಾಕಾ ಪ್ಯಾಕ್ ಮತ್ತ 100ಕ್ಕ ಇಳಿಸ್ಯಾರ. ಹುಡುಗ್ರಿಗೆ ಇನ್ನೂ ಹೇಳಿಲ್ಲ.