ಚಿತ್ರ ಬರಲ್ಲ ಅನ್ನುವವರಿಗಾಗಿ ಗೀಚಾಟ

ಒಂದನೇ ಕ್ಲಾಸಿನ ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟು ನೋಡಿ. ಜಗಲಿ ತುಂಬಾ ಗೀಚಿ, ಇದು ಆನೆ, ಇದು ಅಜ್ಜ, ಇದು ಮಳೆ ಅಂತ ಹೇಳುತ್ತದೆ. ದೊಡ್ಡವರ ಕೈಗೆ ಕೊಟ್ಟರೆ ಮೊದಲು ಬರುವ ಮಾತೇ 'ಅಯ್ಯೋ, ನಂಗೆ ಚಿತ್ರ ಬರಲ್ಲ'. ಚಿತ್ರ ಬರಬೇಕಾಗಿಲ್ಲ ಮಾರಾಯ್ರೆ. ಗೀಚೋಕೆ ಬಂದರೆ ಸಾಕು, ಅದು ಎಲ್ಲರಿಗೂ ಬರುತ್ತದೆ.

ಮೊದಲು ಕಾಗದ. ದುಬಾರಿ ಡ್ರಾಯಿಂಗ್ ಪುಸ್ತಕ ದಯವಿಟ್ಟು ತರಬೇಡಿ. ಅದರ ಬಿಳಿ ಹಾಳೆ ನೋಡಿದರೇ ಕೈ ಹೆದರುತ್ತದೆ, ಹಾಳಾದರೆ ಅನ್ನುವ ಯೋಚನೆ ಶುರುವಾಗುತ್ತದೆ. ಹಳೇ ಕ್ಯಾಲೆಂಡರಿನ ಹಿಂಬದಿ, ಮದುವೆ ಕಾಗದದ ಕವರು, ಅಡಿಕೆ ಮಂಡಿಯ ಚೀಟಿ, ಯಾವುದಾದರೂ ಆದೀತು. ಪೆನ್ಸಿಲ್ ಬೇಡ, ರಬ್ಬರ್ ನೆನಪಾಗುತ್ತದೆ. ಬಾಲ್ ಪೆನ್ ಇರಲಿ. ನಮ್ಮ ಕಡೆ ಮಳೆಗಾಲದಲ್ಲಿ ಕಾಗದವೆಲ್ಲ ಶೀತ ಹಿಡಿದಿರುತ್ತದೆ, ಜೆಲ್ ಪೆನ್ನಿನ ಶಾಯಿ ಹರಡಿಬಿಡುತ್ತದೆ.

ಇನ್ನು ಸಮಯ. ಇದಕ್ಕೆ ಅಂತ ಬೇರೆ ಹೊತ್ತು ಇಡಬೇಡಿ, ನಾಲ್ಕು ದಿನಕ್ಕೆ ಬಿಟ್ಟುಹೋಗುತ್ತದೆ. ಕಿವಿಗೆ ಕೆಲಸ ಇದ್ದು ಕೈ ಖಾಲಿ ಇರುವ ಹೊತ್ತು ಹುಡುಕಿ. ಸ್ಪೀಕರಿನಲ್ಲಿಟ್ಟ ಫೋನು, ಮುಗಿಯದ ಆನ್‌ಲೈನ್ ಮೀಟಿಂಗು, ತಾಳಗುಪ್ಪದ ರೈಲಿನಲ್ಲಿ ಸ್ನೇಹಿತರ ಜೊತೆ ಹರಟೆ. ಗೀಚುತ್ತಾ ಕೂತರೆ ಗಮನ ಹೋಗುತ್ತದೆ ಅಂತ ಶಾಲೆಯಲ್ಲಿ ಬೈಸಿಕೊಂಡವರು ಬಹಳ ಜನ ಇದ್ದೀರಿ, ಅಲ್ವಾ? ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯದನ್ನೇ ಹೇಳುತ್ತದೆ. 40 ಜನರಿಗೆ ಬೋರು ಹೊಡೆಸುವ ಒಂದು ಫೋನ್ ಸಂದೇಶ ಕೇಳಿಸಿ, ಅರ್ಧ ಜನರಿಗೆ ಕಾಗದದ ಮೇಲಿನ ಆಕಾರಗಳನ್ನು ಸುಮ್ನೆ ತುಂಬಲು ಹೇಳಿದ್ದರು. ಆಮೇಲೆ ಕೇಳಿದಾಗ ಆಕಾರ ತುಂಬಿದವರು 29% ಜಾಸ್ತಿ ವಿವರ ನೆನಪಿಟ್ಟುಕೊಂಡಿದ್ದರು. ಸಣ್ಣ ಪ್ರಯೋಗ, ಅದನ್ನೇ ನಂಬಿ ಪರೀಕ್ಷೆ ಬರೆಯಬೇಡಿ. ಆದರೆ ಗೀಚುವವರಿಗೆಲ್ಲ ಗಮನ ಇಲ್ಲ ಅನ್ನುವ ಮಾತನ್ನಂತೂ ಬಿಡಬಹುದು.

ಈಗ ಕೈ. ಏನು ಬಿಡಿಸಲಿ ಅಂತ ಯೋಚಿಸಿದರೆ ಕೈ ನಿಂತೇ ಹೋಗುತ್ತದೆ, ಹಾಗಾಗಿ ಅದಕ್ಕೆ ಮೊದಲೇ ಗೊತ್ತಿರುವುದರಿಂದ ಶುರು ಮಾಡಿ. ನಾಲ್ಕು ಸಾಲು ಚುಕ್ಕಿ ಇಟ್ಟು ಸುತ್ತ ಎಳೆ ಎಳೆಯಿರಿ, ರಂಗೋಲಿಯ ಲೆಕ್ಕ ತಪ್ಪಿದರೂ ನಿಲ್ಲಿಸದೆ ಎಳೆ ಹೋದ ಕಡೆ ನೀವೂ ಹೋಗಿ. ಅಲ್ಲಿಂದ ಕಣ್ಣೆದುರಿಗೆ ಇರುವುದಕ್ಕೆ ಬನ್ನಿ. ಅಡಿಕೆಯನ್ನು ಅಡ್ಡ ಕತ್ತರಿಸಿದರೆ ಒಳಗೆ ಬಿಳಿ ಕಂದು ಗೆರೆಗಳು ಎಷ್ಟು ಚಂದ ಇರುತ್ತವೆ! ಜರಿಗಿಡದ ಎಳೆ ಸುರುಳಿ, ಹಲಸಿನ ಮುಳ್ಳು, ಸಾಲು ಸಾಲು ಹೆಂಚು. ಇಡೀ ಮನೆ ಬೇಡ, ಒಂದು ಹೆಂಚು ಸಾಕು. ಅದನ್ನೇ ಮತ್ತೆ ಮತ್ತೆ ಬರೆದು ಹಾಳೆಯ ಒಂದು ಮೂಲೆ ತುಂಬಿಸಿ. ಹತ್ತನೆಯದು ಹೆಂಚಿನ ಹಾಗೆ ಕಾಣದೆ ಮೀನಿನ ಹಾಗೆ ಕಂಡರೆ ಕಣ್ಣು ಇಡಿ, ಬಾಲ ಇಡಿ. ಚಿಕ್ಕವರಿದ್ದಾಗ ಮಾಡುತ್ತಿದ್ದದ್ದು ಇದನ್ನೇ ತಾನೆ?

ಬರೀ ಗೆರೆಯಿಂದ ಏನಾದೀತು ಅನ್ನಿಸಿದರೆ ಸಾಗರ, ಸೊರಬದ ಕಡೆಯ ಹಸೆ ಚಿತ್ತಾರ ನೋಡಿ. ಅಲ್ಲಿನ ದೀವರು ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಬರೆಯುವ ಈ ಕಲೆಯಲ್ಲಿ ಎದ್ದು ಕಾಣುವುದು ನೇರ ಗೆರೆ, ಅಡ್ಡ ಗೆರೆ, ತ್ರಿಕೋನ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಚಿತ್ತಾರ. ಅದಕ್ಕೆ ಅದರದ್ದೇ ಕ್ರಮ, ಅರ್ಥ ಇದೆ. ನಮ್ಮ ಗೀಚಾಟವನ್ನು ಅದರ ಪಕ್ಕ ಇಡುವುದು ಬೇಡ. ಆದರೆ ಒಂದು ಗೆರೆಯ ಪಕ್ಕ ಇನ್ನೊಂದು ಗೆರೆ ಎಳೆಯುವ ತಾಳ್ಮೆಯನ್ನು ಅಲ್ಲಿ ಕಲಿಯಬಹುದು.

ಬರೆದದ್ದನ್ನು ಸ್ಟೇಟಸ್‌ಗೆ ಹಾಕುವ ಆಸೆ ಬರುತ್ತದೆ. ಸ್ವಲ್ಪ ದಿನ ತಡೆಯಿರಿ. ಲೈಕ್ ಬಂದ ಮರುದಿನದಿಂದ ಕೈ ಲೈಕಿಗಾಗಿಯೇ ಗೀಚುತ್ತದೆ. ತಾರೀಕು ಬರೆದು ಒಂದು ಡಬ್ಬಿಯಲ್ಲಿ ಹಾಕಿಡಿ, ಅಷ್ಟು ಸಾಕು.

ಮನೆಯಲ್ಲಿ ಮಕ್ಕಳಿದ್ದರೆ ಅವರ ಜೊತೆ ಕೂತುಕೊಳ್ಳಿ. ಕಣ್ಣು ಮುಚ್ಚಿ ನೀವೊಂದು ಗೀರು ಎಳೆದು ಕೊಡಿ, ಮಗು ಅದನ್ನು ಏನಾದರೂ ಮಾಡಲಿ. ಆಮೇಲೆ ಮಗುವಿನ ಗೀರು ನಿಮಗೆ. 'ಇದೇನು ಪುಟ್ಟಾ, ಆನೆ ಹೀಗಿರುತ್ತಾ?' ಅಂತ ಮಾತ್ರ ಕೇಳಬೇಡಿ. 'ಇದು ಎಲ್ಲಿಗೆ ಹೊರಟಿದೆ?' ಅಂತ ಕೇಳಿ, ಉತ್ತರದ ಜೊತೆಗೆ ಇನ್ನೊಂದು ಹಾಳೆಯೂ ಬೇಕಾಗುತ್ತದೆ.